ಬೇಡಿಕೆ, ಪೂರೈಕೆ ಮತ್ತು ನಾಗರಾಜಣ್ಣನ ಟೆಲಿಫೋನು

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಅರ್ಧ ಗಂಟೆಯ ಮಟ್ಟಿಗೆ ನಾನು ನಾಗರಾಜ ಆಗಬೇಕಿತ್ತು.

ವೇಷಭೂಷಣದ ಖರ್ಚಿಲ್ಲ. ಮೀಸೆ ಅಂಟಿಸುವುದು ಬೇಡ, ಹೊಟ್ಟೆಗೆ ದಿಂಬು ಕಟ್ಟುವುದು ಬೇಡ. ಫೋನು ಎತ್ತಿ "ಹಲೋ, ದಿಸ್ ಈಸ್ ನಾಗರಾಜ್" ಅಂದರೆ ಆಯಿತು. ಆ ತುದಿಯಲ್ಲಿ ಕ್ಯಾರೊಲೈನಾದ ಶಾರ್ಲೆಟ್ ಊರಿನ ಒಂದು ಬ್ಯಾಂಕಿನ ಮ್ಯಾನೇಜರಮ್ಮ ಪ್ರಶ್ನೆ ಕೇಳುತ್ತಾರೆ. ಈ ತುದಿಯಲ್ಲಿ ನಾನು ಪಟಪಟ ಉತ್ತರ ಹೇಳುತ್ತೇನೆ. ಕೆಲಸ ಅಸಲಿ ನಾಗರಾಜನಿಗೆ ಸಿಗುತ್ತದೆ.

(ಹಾಗೆ ಹುಬ್ಬು ಗಂಟಿಕ್ಕಬೇಡಿ. ಕಾಲೇಜಿನಲ್ಲಿ ಪಕ್ಕದವನ ಹೆಸರು ಕೂಗಿದಾಗ "ಎಸ್ ಸಾರ್" ಅಂದವರೇ ಅಲ್ಲವೇ ನೀವೂ?)

ನನ್ನ ಕಸುಬು ನಿಮಗೆ ಹೊಸದಲ್ಲ. ಹೊಟ್ಟೆಪಾಡಿಗೆ ಸಾಫ್ಟ್‌ವೇರು, ವಾರಾಂತ್ಯಕ್ಕೆ ಮಿಮಿಕ್ರಿ. ಇಲ್ಲಿಯ ಕನ್ನಡ ಸಂಘದಲ್ಲಿ ಯಾವ ಹಬ್ಬವಾದರೂ ಊಟಕ್ಕೆ ಮುಂಚೆ ನನ್ನನ್ನು ವೇದಿಕೆಗೆ ಬಿಡುತ್ತಾರೆ, ಅಡುಗೆ ಬಿಸಿಯಾಗುವವರೆಗೆ. ಅಧ್ಯಕ್ಷರ ಮುಗಿಯದ ವಂದನಾರ್ಪಣೆ, ಅಪಾರ್ಟ್‌ಮೆಂಟಿನ ಆಫೀಸಿನ ಹೆಂಗಸು ಬಾಡಿಗೆ ಏರಿಸುವಾಗ ತೆಗೆಯುವ ಜೇನಿನಂಥ ದನಿ, ಏರ್‌ಪೋರ್ಟಿನಲ್ಲಿ ವೀಸಾ ನೋಡುವವನ ಗೊಗ್ಗರು ದನಿ, ಎಲ್ಲ ಬರುತ್ತದೆ. ಇಷ್ಟು ದನಿಗಳ ನಡುವೆ ನನ್ನದು ಯಾವುದೆಂದು ನನಗೇ ಅನುಮಾನ. ಮೈಸೂರಿಗೆ ಫೋನು ಮಾಡಿದರೆ ನಮ್ಮಮ್ಮ "ನೀನೇನಾ?" ಎಂದು ಖಾತ್ರಿ ಮಾಡಿಕೊಂಡೇ ಮಾತು ಮುಂದುವರಿಸುವುದು.

ನಾಗರಾಜಣ್ಣನನ್ನು ಮಾತ್ರ ನಾನು ಯಾವತ್ತೂ ಅನುಕರಿಸಿರಲಿಲ್ಲ. ಕಾರಣ ಸರಳ. ಅವರು ಮಾತೇ ಆಡುವುದಿಲ್ಲ.

ಇಲ್ಲಿ ಅಮೆರಿಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ಅವರು ಮೇಲೆ, ನಾನು ಕೆಳಗೆ. ಅವರ ಹೆಂಡತಿ ವಸುಧಾರನ್ನು ನಾನು ಅತ್ತಿಗೆ ಅನ್ನುತ್ತೇನೆ. (ಹುಳಿಯ ಪರಿಮಳ ಮೆಟ್ಟಿಲಿಳಿದು ಬರುವ ಮನೆಯೊಂದಿಗೆ ಬ್ರಹ್ಮಚಾರಿಯಾದವನು ಸಂಬಂಧ ಬೆಳೆಸಿಕೊಳ್ಳಲೇಬೇಕು.) ಮಗಳು ಸಹನಾ ಐದನೇ ಗ್ರೇಡು. ಕನ್ನಡವನ್ನು ಇಂಗ್ಲಿಷಿನ ರಾಗದಲ್ಲಿ, ಇಂಗ್ಲಿಷನ್ನು ಅಪ್ಪಟ ಇಂಗ್ಲಿಷಿನ ರಾಗದಲ್ಲಿ ಮಾತಾಡುತ್ತಾಳೆ. ಮನೆಯಲ್ಲಿ ಅಪ್ಪ ಆಡದೆ ಉಳಿಸಿದ ಮಾತನ್ನೆಲ್ಲ ಅವಳು ಖರ್ಚು ಮಾಡುತ್ತಾಳೆ.

ನಾಗರಾಜಣ್ಣ ಕೋಬಾಲ್ ಪಂಡಿತರು. ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳ ಮುದಿ ಕಂಪ್ಯೂಟರುಗಳಿಗೆ ಅರ್ಥವಾಗುವ ಭಾಷೆ ಅದು. ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಈ ಮುದುಕರೆಲ್ಲ ತಾರೀಖು ಮರೆತು ಕೂರುತ್ತಾರೆಂದು ಅಮೆರಿಕಕ್ಕೆ ಈಗ ನಡುಕ. ನಿನ್ನೆ ಮೊನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಕೋಬಾಲ್ ಬಲ್ಲವರಿಗೆ ಇದ್ದಕ್ಕಿದ್ದಂತೆ ಮದುವೆ ಸೀಸನ್ನಿನ ಅಡುಗೆಭಟ್ಟರಷ್ಟು ಬೇಡಿಕೆ.

ಹಾಗಿದ್ದೂ ನಾಗರಾಜಣ್ಣನಿಗೆ ಕೆಲಸವಿಲ್ಲ. ಇದ್ದ ಪ್ರಾಜೆಕ್ಟು ಮುಗಿದಿತ್ತು. ಅವರನ್ನು ಈ ದೇಶಕ್ಕೆ ಕರೆಸಿದ್ದು ನ್ಯೂಜೆರ್ಸಿಯ ಒಂದು ಪುಟ್ಟ ಕಂಪನಿ. ಒಬ್ಬ ಮಾಲೀಕ, ಒಂದು ಫ್ಯಾಕ್ಸ್ ಮೆಷಿನ್ನು. ಊರಿನಿಂದ ಜನರನ್ನು ಕರೆಸಿ ಇಲ್ಲಿಯ ದೊಡ್ಡ ಕಂಪನಿಗಳಿಗೆ ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಬಾಡಿಗೆಗೆ ಹೋಗದ ಸರಕನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾನೆ? ತಿಂಗಳ ಕೊನೆಯೊಳಗೆ ಹೊಸ ಪ್ರಾಜೆಕ್ಟು ಸಿಗದಿದ್ದರೆ ವೀಸಾಕ್ಕೆ ನಮಸ್ಕಾರ, ಬೆಂಗಳೂರಿಗೆ ಟಿಕೆಟ್ಟು ಎಂದು ಹೇಳಿಬಿಟ್ಟಿದ್ದ. ಸಹನಾಳ ಶಾಲಾವರ್ಷ ಆಗಿನ್ನೂ ಅರ್ಧಕ್ಕೆ ಬಂದಿತ್ತು.

ಬೇಡಿಕೆ ಇದೆ. ಸರಕು ಇದೆ. ನಡುವೆ ಟೆಲಿಫೋನು ಇದೆ.

ಇಲ್ಲಿಯ ಕಂಪನಿಗಳು ದೂರದ ಊರಿನವರನ್ನು ಫೋನಿನಲ್ಲೇ ಇಂಟರ್‌ವ್ಯೂ ಮಾಡುತ್ತವೆ. ನಾಗರಾಜಣ್ಣ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ಯೋಚಿಸುತ್ತಾರೆ. ಚೆನ್ನಾಗಿ ಯೋಚಿಸುತ್ತಾರೆ. ಎದುರಿಗಿದ್ದರೆ ಹಣೆ ಕೆರೆದುಕೊಳ್ಳುವುದು ಕಾಣುತ್ತದೆ, ಉತ್ತರ ಒಳಗೆ ತಯಾರಾಗುತ್ತಿದೆ ಎಂದು ಗೊತ್ತಾಗುತ್ತದೆ. ಫೋನಿನಲ್ಲಿ ಹಣೆ ಕಾಣುವುದಿಲ್ಲವಲ್ಲ. "ಹಲೋ? ಆರ್ ಯು ದೇರ್?" ಅನ್ನುತ್ತಾರೆ ಆ ಕಡೆಯವರು. ಇವರು ಗಾಬರಿಯಾಗಿ ಇನ್ನಷ್ಟು ಯೋಚಿಸುತ್ತಾರೆ. ಒಬ್ಬಾತ ಲೈನು ಕಟ್ಟಾಯಿತೆಂದು ಇಟ್ಟೇಬಿಟ್ಟ. ನ್ಯೂಜೆರ್ಸಿಯ ಇನ್ನೊಬ್ಬಾಕೆ ಮಾಲೀಕನಿಗೆ ಫೋನು ಮಾಡಿ, ನಿಮ್ಮ ಮನುಷ್ಯ ಪ್ರಶ್ನೆಗೂ ಪ್ರಶ್ನೆಗೂ ನಡುವೆ ನಿದ್ದೆ ಹೋಗುತ್ತಾನೆ ಎಂದಳಂತೆ.

ಕೊನೆಗೆ ಮಾಲೀಕನೇ ದಾರಿ ತೋರಿಸಿದ. ಕೆಲಸ ಹುಡುಕುವವರನ್ನು ಇರಿಸುವ ಎಲ್ಲ ಗೆಸ್ಟ್‌ಹೌಸಿನಲ್ಲೂ ಒಬ್ಬ ಮಾತುಗಾರ ಇರುತ್ತಾನೆ, ಎಲ್ಲರ ಇಂಟರ್‌ವ್ಯೂಗೂ ಅವನೇ ಕೂರುತ್ತಾನೆ, ಫೋನಿನಲ್ಲಿ ಮುಖ ಯಾರು ನೋಡುತ್ತಾರೆ, ನಿನಗೆ ಗೊತ್ತಿರುವವರಲ್ಲಿ ಅಂಥವರು ಯಾರೂ ಇಲ್ಲವೇ ಎಂದು ಕೇಳಿದ.

ಇದ್ದನಲ್ಲ, ಕೆಳಗಿನ ಮನೆಯಲ್ಲೇ.

ನಾಗರಾಜಣ್ಣ ಇಳಿದು ಬಂದು ನನ್ನ ಸೋಫಾದ ತುದಿಯಲ್ಲಿ ಕೂತರು. ಟಿವಿಯಲ್ಲಿ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಆಮೇಲೆ, "ಶ್ರೀಧರ, ನಿನ್ನಿಂದ ಒಂದು ಸಹಾಯ ಆಗ್ಬೇಕಲ್ಲಪ್ಪ" ಅಂದರು. ವಿಷಯ ಹೇಳಿ ಮುಗಿಸಿ, ಬೇಡ ಅನ್ನಿಸಿದರೆ ಬೇಡ ಎಂದೂ ಸೇರಿಸಿದರು. ನನಗೆ ಬೇಡ ಅನ್ನಿಸಲೇ ಇಲ್ಲ. ಹಾಡುವವನಿಗೆ ಮೈಕು ತೋರಿಸಿದ ಹಾಗಾಗಿತ್ತು.

ಇದೇ ಹೊತ್ತಿಗೆ ನಾನು ಆ ಮನೆಗೆ ಆರ್ಥಿಕ ಸಲಹೆಗಾರನಾಗಿಯೂ ನೇಮಕಗೊಂಡಿದ್ದೆ.

ಸಹನಾಳ ಟೀಚರು ತರಗತಿಯಲ್ಲಿ ಒಂದು ಪುಟ್ಟ ದೇಶವನ್ನೇ ನಡೆಸುತ್ತಾರೆ. ಪ್ರತಿ ಮಗುವಿಗೂ ಒಂದು ಉದ್ಯೋಗ. ಅದಕ್ಕೆ ಅರ್ಜಿ ಹಾಕಬೇಕು, ಟೀಚರ ಮುಂದೆ ಇಂಟರ್‌ವ್ಯೂಗೆ ಕೂರಬೇಕು. ವಾರಕ್ಕೊಮ್ಮೆ ಹಸಿರು ಕಾಗದದ ಸಂಬಳ. ಕೂರುವ ಡೆಸ್ಕಿಗೆ ಬಾಡಿಗೆ. ಗಲಾಟೆ ಮಾಡಿದರೆ ದಂಡ. (ನಾನು ಆ ಕ್ಲಾಸಿನಲ್ಲಿದ್ದರೆ ಮೊದಲ ವಾರವೇ ದಿವಾಳಿ.) ಸಹನಾಗೆ ಪೆನ್ಸಿಲ್ ಚೂಪು ಮಾಡುವ ಹುದ್ದೆ ಸಿಕ್ಕಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಟೀಚರು ಕರೆಂಟಿನ ಶಾರ್ಪ್‌ನರ್ ತಂದಿಟ್ಟರು. ಹುದ್ದೆ ಹೋಯಿತು.

"ಐ ಗಾಟ್ ಲೇಡ್ ಆಫ್" ಎಂದು ಅವತ್ತು ಊಟಕ್ಕೆ ಕೂತಾಗ ಸಹನಾ ಪ್ರಶಸ್ತಿ ಬಂದವಳಂತೆ ಘೋಷಿಸಿದಳು. ಅಪ್ಪನ ಕಡೆ ತಿರುಗಿ, "ಅಪ್ಪಾ, ಸೇಮ್ ಸೇಮ್" ಅಂದಳು.

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಾನು ತಟ್ಟೆ ನೋಡಿಕೊಂಡೆ. ನಾಗರಾಜಣ್ಣ ಮಾತ್ರ ನಿಧಾನವಾಗಿ ಯೋಚಿಸಿ, "ಹೊಸದಕ್ಕೆ ಅಪ್ಲೈ ಮಾಡಿದ್ಯಾ?" ಎಂದು ಕೇಳಿದರು. ಮಾಡಿದ್ದಳು. ಮಕ್ಕಳು ಸಾಲಾಗಿ ಹೊರಟಾಗ ಮುಂದೆ ನಡೆಯುವವರ ಹುದ್ದೆಗೆ. ಮೆಷಿನ್ನು ಅದನ್ನು ಮಾಡಲಾರದಂತೆ.

ನಮ್ಮವರು ಇಲ್ಲಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವ ಚೆಂದವನ್ನು ನೀವು ನೋಡಬೇಕು. ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಕೇರಿಯಲ್ಲಿ ದುಡಿಯುವ ಒಬ್ಬ ಅಂಕಲ್ ಇದ್ದಾರೆ. ಮಗ ಪಿಜ್ಜಾ ಕೇಳಿದರೆ ಅದರ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹೇಳುತ್ತಾರೆ. "ಅಷ್ಟು ದುಡ್ಡಲ್ಲಿ ಚಾಮರಾಜಪುರದಲ್ಲಿ ಒಂದು ತಿಂಗಳು ಹಾಲು ಬರತ್ತೆ ಕಣೋ." ಚಾಮರಾಜಪುರವನ್ನೇ ನೋಡದ ಮಗ ಹೆದರಿ ಉಪ್ಪಿಟ್ಟು ತಿನ್ನುತ್ತಾನೆ. ಅದೇ ಅಂಕಲ್ ಹೊಸ ಕಾರು ಕೊಂಡ ದಿನ ಗುಣಾಕಾರ ಮರೆತಿದ್ದರು.

ಅಟ್ಲಾಂಟಾದಲ್ಲಿರುವ ನಮ್ಮ ದೊಡ್ಡಪ್ಪನ ಮಗನದು ಇನ್ನೊಂದು ಪಾಠ. ಅಂಗಳದ ಹುಲ್ಲು ಕತ್ತರಿಸಲು ಅವನ ಮಗ ದುಡ್ಡು ಕೇಳಿದ. ನಮ್ಮನೆ ಕೆಲಸಕ್ಕೆ ದುಡ್ಡು ಯಾಕೋ, ನೀನೇನು ಬಾಡಿಗೆ ಕೊಡ್ತೀಯಾ ಎಂದು ಇವನು ಬೈದ. ಹುಡುಗ ಸುಮ್ಮನೆ ಪಕ್ಕದ ಮನೆಗೆ ಹೋಗಿ ಅವರ ಹುಲ್ಲು ಕತ್ತರಿಸಿ ದುಡ್ಡು ತಂದ. ಇವನ ಅಂಗಳದ ಹುಲ್ಲು ಮೊಣಕಾಲಿಗೆ ಬಂತು. ಬೀದಿಯವರು ಗೊಣಗತೊಡಗಿದ ಮೇಲೆ ಇವನು ಪಕ್ಕದ ಮನೆಯ ಹುಡುಗನನ್ನು ಕರೆದು ದುಡ್ಡು ಕೊಟ್ಟು ಹುಲ್ಲು ತೆಗೆಸಿದ. ಈಗ ಹುಡುಗರಿಬ್ಬರೂ ಸಂಪಾದನೆಯಲ್ಲಿದ್ದಾರೆ, ಅಪ್ಪಂದಿರಿಬ್ಬರೂ ಮಾಲೀಕರಾಗಿದ್ದಾರೆ. ದೇಶದ ಆದಾಯ ಏರುವುದು ಹೀಗೇ ಇರಬೇಕು.

ಇನ್ನು ಮುಂದೇನಾಗುತ್ತೀಯಾ ಎಂಬ ಪ್ರಶ್ನೆ. ಕಾಲಿಗೆ ನಮಸ್ಕಾರ ಮಾಡಿದ ಮಗುವಿನ ತಲೆಯ ಮೇಲೆ ಕೈಯಿಟ್ಟು ಡಾಕ್ಟರಾಗು ಅನ್ನುತ್ತಾರೆ ನಮ್ಮ ಹಿರಿಯರು. ಅದು ಆಶೀರ್ವಾದವೂ ಹೌದು, ಮಾರುಕಟ್ಟೆ ವರದಿಯೂ ಹೌದು. ನನ್ನ ಕಾಲಕ್ಕೆ ನಮ್ಮಪ್ಪ ಎರಡು ದಾರಿ ತೋರಿಸಿದ್ದರು, ಮೆಡಿಕಲ್ಲು ಮತ್ತು ಇಂಜಿನಿಯರಿಂಗು. ರಕ್ತ ಕಂಡರೆ ತಲೆ ಸುತ್ತುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಇಂಜಿನಿಯರಾದೆ. ನೀನು ಯಾವುದನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಪ್ಪೆಯ ಹಾಗೆ ಕೂಗಿ ತೋರಿಸುತ್ತಿದ್ದೆ, ಏಟು ಬೀಳುತ್ತಿತ್ತು.

ಇಂಥ ನಾನು ಸಹನಾಗೆ ಕಲಿಸಿದ್ದೇನು? ಇಂಜಿನಿಯರಿಂಗಿನಲ್ಲಿ ನಮಗೊಂದು ಎಕನಾಮಿಕ್ಸ್ ಪೇಪರಿತ್ತು. ಅದರಲ್ಲಿ ನಾನು ಕಲಿತದ್ದು ಲೆಕ್ಚರರ ಕೆಮ್ಮು ಮಾತ್ರ. ಕೆಮ್ಮಿ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. ಪಾಠ ಮುಗಿಯಿತು.

ಇಂಟರ್‌ವ್ಯೂ ಗುರುವಾರ ಎಂದೆನಲ್ಲ, ಅದರ ಹಿಂದಿನ ದಿನ ಸಹನಾಳ ಕ್ಲಾಸಿನಲ್ಲಿ ಸಂತೆ. ಮಕ್ಕಳು ಏನಾದರೂ ತಯಾರಿಸಿ ತಂದು ಹಸಿರು ಕಾಗದಕ್ಕೆ ಮಾರಬೇಕು. ಸಹನಾ ಆರಿಸಿಕೊಂಡದ್ದು ರಂಗೋಲಿ. ಕಪ್ಪು ದಪ್ಪ ಕಾಗದದ ಮೇಲೆ ಬಿಳಿ ಸೀಮೆಸುಣ್ಣ. ಉಪಾಯ ಒಳ್ಳೆಯದೇ, ಇಡೀ ಕ್ಲಾಸಿನಲ್ಲಿ ಇನ್ನೊಬ್ಬರ ಬಳಿ ಇಲ್ಲದ ಸರಕು.

ತಾಪತ್ರಯವೆಲ್ಲ ಅತ್ತಿಗೆಯದು. ಮಗಳು ಎಳೆದ ಸೊಟ್ಟ ಗೆರೆಗಳನ್ನು ಅವರಿಂದ ನೋಡಲಾಗಲಿಲ್ಲ. ಇದನ್ನು ತೆಗೆದುಕೊಂಡು ಹೋದರೆ ಟೀಚರು ಏನೆಂದುಕೊಳ್ಳುತ್ತಾರೆ, ಮನೆಯಲ್ಲಿ ತಾಯಿ ಇಲ್ಲವೇ ಅನ್ನುವುದಿಲ್ಲವೇ ಎಂದು ತಾವೇ ಕೂತರು. ಮಗಳು ಚುಕ್ಕಿ ಇಟ್ಟಳು, ತಾಯಿ ಗೆರೆ ಎಳೆದರು. ನವಿಲು, ದೀಪದ ಸಾಲು, ಕಮಲ. ಸುಣ್ಣ ಉದುರದಿರಲಿ ಎಂದು ನಾನು ಮೇಲೆ ಹೇರ್‌ಸ್ಪ್ರೇ ಹೊಡೆದೆ. ಮಾರಾಟಕ್ಕೆ ಬಂದದ್ದು ಮೈಸೂರಿನ ಅರಮನೆಯ ಮುಂದೆ ಹಾಕಬಹುದಾದ ರಂಗೋಲಿಗಳು. (ನಮ್ಮವರ ಮನೆಗಳಲ್ಲಿ ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೆ ಜ್ವಾಲಾಮುಖಿ ಕಟ್ಟುವುದು ಯಾರೆಂದು ನನ್ನ ಬಾಯಿ ಬಿಡಿಸಬೇಡಿ.)

ಬುಧವಾರ ಸಂಜೆ ನಾನು ಮೇಲೆ ಹೋದೆ, ಮರುದಿನದ ತಾಲೀಮಿಗೆ. ಏರ್ಪಾಟು ಹೀಗಿತ್ತು. ಹಾಲಿನ ಫೋನಿನಲ್ಲಿ ನಾನು ಮಾತಾಡುವುದು, ಅದೇ ಲೈನಿನ ಅಡುಗೆಮನೆಯ ಫೋನಿನಲ್ಲಿ ನಾಗರಾಜಣ್ಣ ಕದ್ದು ಕೇಳಿಸಿಕೊಂಡು ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಎತ್ತಿ ಹಿಡಿಯುವುದು. ಅತ್ತಿಗೆ ಅಂದಿಗೆ ಮ್ಯಾನೇಜರಮ್ಮ. ನಾನು ಬಗೆಬಗೆಯ ನಾಗರಾಜರನ್ನು ತಯಾರಿಸಿಕೊಂಡು ಹೋಗಿದ್ದೆ. ಟೆಕ್ಸಾಸ್ ನಾಗರಾಜ. ಟಿವಿ ನ್ಯೂಸ್ ಓದುವ ನಾಗರಾಜ. ಕಾರು ಮಾರುವವನ ಹಾಗೆ ನಗುವ ನಾಗರಾಜ. ಪ್ರತಿಯೊಂದಕ್ಕೂ ನಾಗರಾಜಣ್ಣ, ಸ್ವಲ್ಪ ಜಾಸ್ತಿ ಆಯ್ತೇನೋ ಅಂದರು. ತಮ್ಮ ಹೆಸರನ್ನು ಅಷ್ಟು ಧೈರ್ಯವಾಗಿ ಯಾರಾದರೂ ಹೇಳಿದ್ದನ್ನು ಅವರು ಕೇಳಿರಲಿಲ್ಲವೆಂದು ಕಾಣುತ್ತದೆ. ಮುಖ ಸಣ್ಣದಾಗಿತ್ತು.

ಆಗ ಸಹನಾ ಬಂದಳು. ಗೆಳತಿ ಮೇಗನ್‌ಳ ಅಮ್ಮ ಬಾಗಿಲವರೆಗೆ ಬಿಟ್ಟು ಹೋದರು. ಬ್ಯಾಗು ಒಂದು ಕಡೆ, ಬೂಟು ಒಂದು ಕಡೆ, ಇವಳು ಸೋಫಾದ ಮೇಲೆ.

ಎಲ್ಲ ಮಾರಾಟವಾಯಿತೇ ಎಂದು ಅತ್ತಿಗೆ ಆಸೆಯಿಂದ ಕೇಳಿದರು.

"ಆಯ್ತು. ನಂದೇ ಫಸ್ಟ್ ಸೋಲ್ಡ್ ಔಟ್." ಉಳಿದ ಹುಡುಗಿಯರಲ್ಲಿ ಮುಕ್ಕಾಲು ಪಾಲು ದಾರದ ಬಳೆ ಹೆಣೆದು ತಂದಿದ್ದರಂತೆ, ಮಧ್ಯಾಹ್ನದ ಹೊತ್ತಿಗೆ ಅವನ್ನು ಬಿಟ್ಟಿ ಕೊಟ್ಟರೂ ಕೇಳುವವರಿರಲಿಲ್ಲವಂತೆ. (ನೋಡಿ, ಕೆಮ್ಮಿಗಿಂತ ಒಳ್ಳೆಯ ಪಾಠ.)

"ಮತ್ತೆ ಮುಖ ಯಾಕೆ ಹಿಂಗಿದೆ?"

ಸಹನಾ ಸ್ವಲ್ಪ ಹೊತ್ತು ದಿಂಬಿನ ದಾರ ಕಿತ್ತಳು. ಆಮೇಲೆ ತುಂಡು ತುಂಡಾಗಿ ಹೊರಬಂತು. ಮೇಗನ್ ನವಿಲಿನ ರಂಗೋಲಿ ಕೊಂಡಳಂತೆ. ಅದು ಅವಳಿಗೆ ಎಷ್ಟು ಹಿಡಿಸಿತೆಂದರೆ, ತನ್ನ ನಾಯಿಯದು ಇನ್ನೊಂದು ಬೇಕು, ಈಗಲೇ ಬರೆದುಕೊಡು, ನನ್ನ ಹತ್ತಿರ ಉಳಿದ ದುಡ್ಡೆಲ್ಲ ಕೊಡುತ್ತೇನೆ ಎಂದಳಂತೆ. ಸುತ್ತ ಮಕ್ಕಳು ನೆರೆದರು. ಸಹನಾ ಕಪ್ಪು ಕಾಗದದ ಮೇಲೆ ಚುಕ್ಕಿ ಇಟ್ಟಳು. ಚುಕ್ಕಿ ಬಹಳ ಚೆನ್ನಾಗಿ ಬಂದವು. ಗೆರೆ ಎಲ್ಲಿ ಹೊರಟು ಎಲ್ಲಿ ತಿರುಗಬೇಕೆಂದು ಗೊತ್ತಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವಳು ಇನ್ನಷ್ಟು ಚುಕ್ಕಿ ಇಟ್ಟಳು.

"ದೆನ್ ಐ ಟೋಲ್ಡ್," ಅಂದಳು. "ಅಮ್ಮ ಡ್ರಾ ಮಾಡಿದ್ದು, ಐ ಓನ್ಲಿ ಡಿಡ್ ದ ಡಾಟ್ಸ್ ಅಂತ."

ಅಯ್ಯೋ ಯಾಕೆ ಹೇಳೋಕೆ ಹೋದೆ, ದುಡ್ಡು ವಾಪಸ್ಸು ಕೇಳಿದರೇ ಎಂದು ಅತ್ತಿಗೆ ಗಾಬರಿಯಾದರು. ಯಾರೂ ಕೇಳಲಿಲ್ಲವಂತೆ. ಕೊಂಡವರು ಕೊಂಡದ್ದನ್ನು ಖುಷಿಯಾಗಿಯೇ ಇಟ್ಟುಕೊಂಡರು, ನಿಮ್ಮಮ್ಮ ಗ್ರೇಟ್ ಅಂದರು. ಟೀಚರೂ ಬೈಯಲಿಲ್ಲ. ಮೇಗನ್ ಮಾತ್ರ ಆ ಚುಕ್ಕಿಗಳನ್ನೇ ನೋಡುತ್ತ ನಿಂತಿದ್ದಳಂತೆ.

"ಇಟ್ಸ್ ಹರ್ ಫಾಲ್ಟ್," ಸಹನಾ ಕಣ್ಣೊರೆಸಿಕೊಂಡಳು. "ಒಂದು ತಗೊಂಡ್ಳು ಅಲ್ವಾ? ಸುಮ್ನೆ ಹೋಗ್ಬೇಕಿತ್ತು. ವೈ ಡಿಡ್ ಶಿ ವಾಂಟ್ ಅನದರ್ ಒನ್?"

ಫೋನು ಇನ್ನೂ ನನ್ನ ಕೈಯಲ್ಲಿತ್ತು. ಟೆಕ್ಸಾಸ್ ನಾಗರಾಜ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ.

ಒಂದು ಸಲ ಕೊಳ್ಳುವವರಿಗೆ ಯಾರು ಮಾಡಿದರೂ ಸರಿ. ಎರಡನೇ ಸಲ ಬೇಕೆನ್ನುವವರಿಗೆ ಮಾಡಿದವರೇ ಬೇಕು. ನನ್ನ ಲೆಕ್ಚರರು ಕೆಮ್ಮುಗಳ ನಡುವೆ ಇದನ್ನೂ ಹೇಳಿದ್ದರೋ ಏನೋ.

ನಾಗರಾಜಣ್ಣ ಯೋಚಿಸಿದರು. ಅತ್ತಿಗೆ ಎದ್ದು ಹೋಗಿ ಡಿಕಾಕ್ಷನ್ನು ಇಳಿಸಿ ಕಾಫಿ ಬೆರೆಸಿ ತರುವಷ್ಟು ಯೋಚಿಸಿದರು. ಲೋಟ ಕೈಗೆ ತೆಗೆದುಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ನಾಳೆ ನೀನು ಮಾತಾಡ್ತೀಯ. ಅಲ್ಲಿಗೆ ಹೋದ್ಮೇಲೆ ಅವರು ಎದುರಿಗೆ ಕೂರಿಸ್ಕೊಂಡು ಮಾತಾಡ್ಸೋದು ಯಾರನ್ನ? ದಿನಾ ನಾನೇ ತಾನೆ ಇರೋದು?"

ನಾನು ಬಿಡಲಿಲ್ಲ. ಮೈಕು ಕೈತಪ್ಪುತ್ತಿತ್ತಲ್ಲ. ಶೀತವಾಗಿ ಗಂಟಲು ಕಟ್ಟಿದೆ ಅಂದುಬಿಡಿ ಎಂದೆ.

"ಎಷ್ಟು ವರ್ಷ ಶೀತ ಇರತ್ತೋ?"

ನಾನು ಫೋನನ್ನು ಅದರ ಜಾಗದಲ್ಲಿಟ್ಟೆ.

ಅತ್ತಿಗೆ ಮಾತ್ರ ಹೆದರಿದ್ದರು. ಬಟ್ಟೆಯ ಕ್ಲಾಸೆಟ್ಟಿನ ಮೇಲಿಂದ ದೊಡ್ಡ ಸೂಟ್‌ಕೇಸುಗಳನ್ನು ಅವರು ಆಗಲೇ ಇಳಿಸಿ ಗೋಡೆಗೆ ಒರಗಿಸಿದ್ದರು. ಬೇಸಿಗೆ ಬಟ್ಟೆ ಎತ್ತಿಡುವುದಕ್ಕೆ ಎಂದು ಮಗಳಿಗೆ ಹೇಳಿದ್ದರು. "ಮತ್ತೆ ಸುಮ್ನಾಗ್ಬಿಟ್ರೆ ಏನ್ರೀ ಗತಿ? ಇದೊಂದೇ ಉಳಿದಿರೋದು" ಅಂದರು. ನಾಗರಾಜಣ್ಣ ಅದಕ್ಕೂ ಸುಮ್ಮನಾದರು.

ಸಹನಾ ಅಪ್ಪನನ್ನು ನೋಡಿದಳು. ಕ್ಲಾಸಿನಲ್ಲಿ ಹುದ್ದೆಗಳ ಇಂಟರ್‌ವ್ಯೂ ಮಾಡುವಾಗ ಟೀಚರು ಅವರಿಗೆಲ್ಲ ಒಂದು ಸಂಗತಿ ಹೇಳಿಕೊಟ್ಟಿದ್ದರಂತೆ. "ಅಪ್ಪಾ, ಥಿಂಕ್ ಮಾಡುವಾಗ ಸೌಂಡ್ ಮಾಡ್ಬೇಕು. ಇಲ್ಲಾಂದ್ರೆ ದೇ ಥಿಂಕ್ ಯು ಆರ್ ಡೆಡ್."

ಸೌಂಡು! ಅದು ನನ್ನ ಇಲಾಖೆ. ನಾನು ಎದ್ದು ನಿಂತೆ.

ಆ ಸಂಜೆ ನಾನು ನಾಗರಾಜಣ್ಣನಿಗೆ ಹೂಂಗುಟ್ಟುವುದನ್ನು ಕಲಿಸಿದೆ. ನಮ್ಮ ಕಡೆಯ ಹೂಂ ಇದೆಯಲ್ಲ, ಅದು ಮಾತಿಗೆ ಹಾಕುವ ಬೀಗ. ಆಯಿತು, ತಿಳಿಯಿತು, ಇನ್ನು ನೀನು ಹೊರಡು ಎಂದರ್ಥ. ಅಮೆರಿಕದವರದು ಹಾಗಲ್ಲ. ಅದು ಎದೆಯೊಳಗೆ ಎದ್ದು, ಮೂಗಿನಲ್ಲಿ ಒಂದು ಸುತ್ತು ಹಾಕಿ, ಹೊರಟಿದ್ದೇನೆ, ಬಾಗಿಲ ಹತ್ತಿರ ಬಂದೆ, ಇರಿ ಎನ್ನುತ್ತದೆ. ನಾಗರಾಜಣ್ಣ ಮೊದಲ ಸಲ ಪ್ರಯತ್ನಿಸಿದಾಗ ಫ್ರಿಜ್ಜು ಶುರುವಾಯಿತೆಂದುಕೊಂಡೆವು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಸಹನಾ ಕುರ್ಚಿಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಮ್ಯಾನೇಜರ್ ಆದಳು. ನಿಮಗೆ ಇಷ್ಟವಾದ ಬಣ್ಣ ಯಾವುದು ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದಳು. ಅಪ್ಪ ಫ್ರಿಜ್ಜು ಓಡಿಸಿ, "ಲೆಟ್ ಮಿ ಥಿಂಕ್" ಅಂದು, ಮತ್ತೆ ಫ್ರಿಜ್ಜು ಓಡಿಸಿ, ನೀಲಿ ಅಂದರು. ಕೆಲಸ ಕೊಟ್ಟೆ ಅಂದಳು.

ಗುರುವಾರ ಮಧ್ಯಾಹ್ನ ನಾನು ಆಫೀಸಿಗೆ ತಲೆನೋವೆಂದು ಹೇಳಿ ಮೇಲಿನ ಮನೆಯಲ್ಲಿ ಕೂತಿದ್ದೆ, ಸ್ಟೆಪ್ನಿಯ ಹಾಗೆ. ಟೈರು ಪಂಕ್ಚರಾದರೆ ಇರಲಿ ಅಂತ. ಕೆಲಸ ಮಾತ್ರ ಬಾಯಿ ಮುಚ್ಚಿಕೊಂಡಿರುವುದು. ನನ್ನ ಜೀವನದಲ್ಲೇ ಅಷ್ಟು ಕಷ್ಟದ ಪಾತ್ರ ಮಾಡಿರಲಿಲ್ಲ.

ಫೋನು ಬಂತು. ನಾಗರಾಜಣ್ಣ ತಮ್ಮ ಹೆಸರು ಹೇಳಿದರು, ಇಷ್ಟೂ ದಿನ ಹೇಳುವ ಹಾಗೇ, ಸ್ವಲ್ಪ ಸಂಕೋಚದಿಂದ. ಆ ಕಡೆಯ ಮಾತು ನಮಗೆ ಕೇಳಿಸುವುದಿಲ್ಲ. ಹೂಂಗುಟ್ಟಿದರು. ಉತ್ತರ ಹೇಳಿದರು. ಮತ್ತೆ ಹೂಂಗುಟ್ಟಿದರು, ಈ ಸಲ ಉತ್ತರ ಉದ್ದವಾಗಿತ್ತು. ನನಗೂ ಅತ್ತಿಗೆಗೂ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಯಾವುದೋ ದೊಡ್ಡ ಪ್ರಶ್ನೆ ಬಂದಿರಬೇಕು. ಹೂಂಕಾರ ಎದ್ದಿತು, ಎಳೆಯಿತು, ಸಣ್ಣದಾಯಿತು, ನಿಂತೇಹೋಯಿತು.

ಸದ್ದಿಲ್ಲ. ನಾಗರಾಜಣ್ಣನ ಬೆರಳು ಹಣೆಯ ಮೇಲೆ ಹೋಯಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಕೈ ತಾನಾಗಿ ಫೋನಿನ ಕಡೆ ಚಾಚಿತು. ಒಂದು ವಾಕ್ಯ, ಒಂದೇ ವಾಕ್ಯ ನಾನು ಹೇಳಿಬಿಟ್ಟರೆ?

ನಾಗರಾಜಣ್ಣ ನನ್ನ ಕೈಯನ್ನು ನೋಡಿದರು. ತಲೆ ಅಲ್ಲಾಡಿಸಿದರು.

"ಐ ಆಮ್ ಸ್ಟಿಲ್ ಹಿಯರ್, ಮ್ಯಾಡಮ್," ಅಂದರು ಫೋನಿಗೆ. "ಐ ಆಮ್ ಥಿಂಕಿಂಗ್. ಐ ಡೋಂಟ್ ವಾಂಟ್ ಟು ಟೆಲ್ ಯು ರಾಂಗ್."

ಆ ಕಡೆಯವರು ಏನೋ ಅಂದರು. ನಾಗರಾಜಣ್ಣ ನಕ್ಕರು. ಹೌದು, ಫೋನಿನಲ್ಲಿ, ಇಂಟರ್‌ವ್ಯೂ ನಡುವೆ. ಆಮೇಲೆ ನಿಧಾನವಾಗಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತೆ ಉತ್ತರ ಹೇಳಿದರು. ಕೋಬಾಲ್ ಬಾರದ ನನಗೂ ಅದು ಸರಿಯಾದ ಉತ್ತರ ಎನ್ನಿಸಿತು.

ಫೋನು ಇಟ್ಟ ಮೇಲೆ ಕೇಳಿದರೆ, ಆಕೆ ಹೇಳಿದ್ದು ಇಷ್ಟಂತೆ: ನಿಧಾನವಾಗಿ ಯೋಚಿಸಿ, ನಾವು ಸೌತಿನವರು, ನಮ್ಮಲ್ಲಿ ಯಾರಿಗೂ ರೈಲು ತಪ್ಪಿಹೋಗುತ್ತಿಲ್ಲ. "ಅವರು ಮಾತಾಡೋದೂ ಎಷ್ಟು ನಿಧಾನ ಗೊತ್ತಾ? ಅವರು ಪ್ರಶ್ನೆ ಮುಗಿಸೋ ಹೊತ್ತಿಗೆ ನಂಗೆ ಅರ್ಧ ಉತ್ತರ ಹೊಳೆದಿರ್ತಿತ್ತು" ಅಂದರು ನಾಗರಾಜಣ್ಣ, ಬೆವರು ಒರೆಸಿಕೊಳ್ಳುತ್ತ.

ಅದೇ ಸರಕು, ಬೇರೆ ಮಾರುಕಟ್ಟೆ. ನ್ಯೂಜೆರ್ಸಿಯವರಿಗೆ ನಿದ್ದೆಯಾಗಿ ಕೇಳಿಸಿದ್ದು ಕ್ಯಾರೊಲೈನಾದವರಿಗೆ ವಿಚಾರವಂತಿಕೆಯಾಗಿ ಕೇಳಿಸಿತ್ತು. ಇದನ್ನು ಯಾವ ಪಠ್ಯಪುಸ್ತಕದಲ್ಲಿ ಹಾಕಿದ್ದಾರೋ ನಾನು ಕಾಣೆ.

ಕೆಲಸ ಸಿಕ್ಕಿತೆಂದು ಮರುದಿನವೇ ಫ್ಯಾಕ್ಸು ಬಂತು. ಅತ್ತಿಗೆ ಶಾವಿಗೆ ಪಾಯಸ ಮಾಡಿ, ಅದಕ್ಕೆ ಸಕ್ಕರೆ ಹಾಕುವುದನ್ನೇ ಮರೆತು ಬಡಿಸಿದರು. ಯಾರೂ ದೂರಲಿಲ್ಲ. ಸೂಟ್‌ಕೇಸುಗಳು ಬೆಂಗಳೂರಿನ ಬದಲು ಫೋರ್ಟ್ ಮಿಲ್‌ಗೆ ಹೊರಟವು. ಅದು ಶಾರ್ಲೆಟ್‌ನ ಪಕ್ಕದಲ್ಲೇ, ರಾಜ್ಯದ ಗಡಿಯಾಚೆ, ಸೌತ್ ಕ್ಯಾರೊಲೈನಾ. ಶಾರ್ಲೆಟ್‌ಗೆ ದಿನಾ ಡ್ರೈವ್ ಮಾಡಬಹುದು, ಮನೆ ಬಾಡಿಗೆಯೂ ಕಡಿಮೆ. ಮೇಗನ್‌ಳನ್ನು ಬಿಟ್ಟು ಹೋಗಬೇಕೆಂದು ಗೊತ್ತಾದಾಗ ಸಹನಾ ಒಂದು ಸಂಜೆಯಿಡೀ ಬಾಗಿಲು ಹಾಕಿಕೊಂಡಿದ್ದಳು. ಏನನ್ನಾದರೂ ಪಡೆಯಬೇಕಾದರೆ ಏನನ್ನಾದರೂ ಬಿಡಬೇಕು ಎಂದು ನಾನು ಬಾಗಿಲ ಈಚೆಯಿಂದ ಅರ್ಥಶಾಸ್ತ್ರ ಹೇಳಿದೆ. ಗೋ ಅವೇ, ಶ್ರೀ ಅಂಕಲ್ ಎಂದು ಉತ್ತರ ಬಂತು.

ಬಾಗಿಲು ತೆರೆದಾಗ ಅವಳ ಕೈಯಲ್ಲಿ ಕಪ್ಪು ಕಾಗದವಿತ್ತು. ಮೇಗನ್‌ಳ ನಾಯಿಯ ರಂಗೋಲಿ. ಚುಕ್ಕಿಯೂ ಅವಳದೇ, ಗೆರೆಯೂ ಅವಳದೇ. ಅತ್ತಿಗೆಯ ಬೆರಳು ತುರಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು, ಆದರೂ ಮುಟ್ಟಲಿಲ್ಲ. ನಾಯಿ ಯಾವ ಕಡೆಗೆ ಮುಖ ಮಾಡಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೇಗನ್ ಕೇಳಲೇ ಇಲ್ಲವಂತೆ, ತಬ್ಬಿಕೊಂಡಳಂತೆ.

ನಾಗರಾಜಣ್ಣ ಮುಂಚಿತವಾಗಿ ಒಬ್ಬರೇ ಹೋದರು. ಮೊನ್ನೆ ಸೋಮವಾರ ಅವರ ಮೊದಲ ದಿನ. ಸಂಜೆ ಫೋನು ಬಂದಾಗ ನಾನೂ ಮೇಲೆಯೇ ಇದ್ದೆ. (ಹುಳಿ.) ಅತ್ತಿಗೆ, ಸಹನಾ ಆದ ಮೇಲೆ ಫೋನು ನನ್ನ ಕೈಗೆ ಬಂತು.

"ಬೆಳಿಗ್ಗೆ ಏನಾಯ್ತು ಗೊತ್ತಾ?" ಅಂದರು. "ಕೆಳಗಡೆ ಸೆಕ್ಯುರಿಟಿಯವನ ಹತ್ರ ಲಿಫ್ಟ್ ಎಲ್ಲಿ ಅಂತ ಕೇಳ್ತಿದ್ದೆ. ಹಿಂದಿಂದ ಯಾರೋ ಹೆಂಗಸು, ಈ ದನಿ ನಂಗೆ ಗೊತ್ತು, ನೀವು ನಾಗರಾಜ್ ಅಲ್ವಾ, ಅಂದ್ರು. ಅವರೇ ಕಣೋ, ಮ್ಯಾನೇಜರ್. ಒಂದೇ ಒಂದು ಸಲ ಫೋನಲ್ಲಿ ಕೇಳಿದ್ದು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಬಾಯಿಂದ ಬಂದದ್ದು ಬರೀ ಹೂಂ, ನಮ್ಮ ಕಡೆಯದೇ. ಎದೆಯ ಮೇಲಿದ್ದ ಕಲ್ಲು ಇಳಿದ ಸದ್ದು ಶಾರ್ಲೆಟ್‌ವರೆಗೂ ಕೇಳಿಸಿರಬೇಕು.

ನೀವೇ ಹೇಳಿ, ಆಕೆ ಆ ಬೆಳಿಗ್ಗೆ ನನ್ನ ದನಿಗಾಗಿ ಕಿವಿ ತೆರೆದು ನಿಂತಿದ್ದರೆ, ನಾಗರಾಜಣ್ಣ ಅದನ್ನು ಎಲ್ಲಿಂದ ತರುತ್ತಿದ್ದರು?